ಡಬ್ಬಿಯಲ್ಲಿ ಒಂದು ಲೀಟರ್, ಗೋಡೆಯ ಮೇಲೆ ಎಷ್ಟು?

ಮನೆಗೆ ಬಣ್ಣ ಹೊಡೆಸುವುದೆಂದರೆ ಅದೇ ಒಂದು ಸಣ್ಣ ಹಬ್ಬ. ಮದುವೆಯೋ ಗೃಹಪ್ರವೇಶವೋ ದೀಪಾವಳಿಯೋ ಹತ್ತಿರ ಬಂತೆಂದರೆ ಬಣ್ಣದಂಗಡಿಗಳಲ್ಲಿ ಜನ ಸೇರುತ್ತಾರೆ. ತಿಳಿನೀಲಿ ಚೆನ್ನವೋ ಕೆನೆಬಣ್ಣ ಚೆನ್ನವೋ ಎಂದು ಮನೆಮಂದಿಯೆಲ್ಲ ಚರ್ಚೆ ಮಾಡುತ್ತಾರೆ. ಲೀಟರಿಗೆ ಎಷ್ಟು ಎಂಬ ಚೌಕಾಸಿಯೂ ನಡೆಯುತ್ತದೆ. ಆದರೆ ಆ ಒಂದು ಲೀಟರಿನಲ್ಲಿ ಗೋಡೆಯ ಮೇಲೆ ಉಳಿಯುವುದೆಷ್ಟು, ಗಾಳಿಗೆ ಹಾರಿಹೋಗುವುದೆಷ್ಟು ಎಂದು ಕೇಳುವವರು ವಿರಳ.

ಎನಾಮೆಲ್ ಬಣ್ಣ ಬಳಿದ ಕೋಣೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆಯೇ ಈ ಪ್ರಶ್ನೆಗೆ ಮೊದಲ ಸುಳಿವು. ವಾಸನೆ ಬರುತ್ತಿದೆಯೆಂದರೆ ಬಣ್ಣದಿಂದ ಏನೋ ಆವಿಯಾಗಿ ಹೊರಡುತ್ತಿದೆ ಎಂದರ್ಥ. ಕಾಸು ಕೊಟ್ಟು ತಂದ ವಸ್ತುವಿನ ಒಂದು ದೊಡ್ಡ ಪಾಲು ಹೀಗೆ ಕಿಟಕಿಯಿಂದಾಚೆ ಹೋಗುತ್ತದೆ. ಹೋಗುವುದನ್ನು ಬಿಟ್ಟು ಉಳಿಯುವುದನ್ನು ತಂತ್ರಜ್ಞರು ಬಣ್ಣದ 'ಘನಾಂಶ' ಎನ್ನುತ್ತಾರೆ. ಅದನ್ನು ಅಳೆಯುವ ವಿಧಾನ ಹೈಸ್ಕೂಲು ವಿಜ್ಞಾನಕ್ಕಿಂತ ಹೆಚ್ಚಿನದೇನೂ ಅಲ್ಲ. ಒಂದು ತಕ್ಕಡಿ, ಒಂದು ಒಲೆ ಮತ್ತು ಆರ್ಕಿಮಿಡಿಸನ ತತ್ತ್ವ ಇಷ್ಟು ಸಾಕು.

ಡಬ್ಬಿಯೊಳಗೆ ಏನಿದೆ?

ಯಾವುದೇ ಬಣ್ಣವನ್ನು ತೆಗೆದುಕೊಂಡರೂ ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ವರ್ಣದ್ರವ್ಯ, ಅಂದರೆ ನುಣ್ಣನೆಯ ಪುಡಿ. ಬಿಳಿ ಬಣ್ಣಕ್ಕೆ ಟೈಟಾನಿಯಂ ಡೈಆಕ್ಸೈಡ್, ಕೆಮ್ಮಣ್ಣಿನ ಬಣ್ಣಕ್ಕೆ ಐರನ್ ಆಕ್ಸೈಡ್ ಹೀಗೆ. ಇದರ ಜೊತೆಗೆ ಸೀಮೆಸುಣ್ಣದ ಪುಡಿಯಂಥ ಅಗ್ಗದ ತುಂಬುವಸ್ತುಗಳೂ ಸೇರುತ್ತವೆ. ಎರಡನೆಯದು ಬಂಧಕ. ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಎಲ್ಲವನ್ನೂ ಗೋಡೆಗೆ ಹಿಡಿದಿಡುವ ರಾಳ ಅಥವಾ ಎಣ್ಣೆ ಇದು. ಮೂರನೆಯದು ದ್ರಾವಕ. ಎಮಲ್ಷನ್ ಮತ್ತು ಡಿಸ್ಟೆಂಪರ್‌ಗಳಲ್ಲಿ ಅದು ಮುಖ್ಯವಾಗಿ ನೀರು. ಎನಾಮೆಲ್, ವಾರ್ನಿಷ್‌ಗಳಲ್ಲಿ ಟರ್ಪೆಂಟೈನಿನಂಥ ಸಾವಯವ ದ್ರವ.

ದ್ರಾವಕದ ಕೆಲಸ ಸಾಗಣೆದಾರನದು. ಗಟ್ಟಿ ರಾಳವನ್ನೂ ಪುಡಿಯನ್ನೂ ಕುಂಚಕ್ಕೆ ಹಗುರವಾಗುವಂತೆ ಮಾಡಿ ಗೋಡೆಗೆ ಮುಟ್ಟಿಸುವುದು, ಮುಟ್ಟಿಸಿದ ಮೇಲೆ ತಾನು ಜಾಗ ಖಾಲಿ ಮಾಡುವುದು. ಲಾರಿ ಹಿಂದಿರುಗಿತು, ಸರಕು ಉಳಿಯಿತು ಎನ್ನುವ ಹಾಗೆ. ಹೀಗೆ ಉಳಿದ ಸರಕೇ ಘನಾಂಶ. ಬಂಧಕವು ಡಬ್ಬಿಯಲ್ಲಿ ದ್ರವವಾಗಿಯೇ ಇದ್ದರೂ ಅದು ಆವಿಯಾಗದೆ ಉಳಿಯುವುದರಿಂದ ಘನಾಂಶದ ಲೆಕ್ಕಕ್ಕೆ ಸೇರುತ್ತದೆ.

ಬಡಗಿಗಳಿಗೆ ಈ ಲೆಕ್ಕ ಹಳೆಯದು. ಪೀಠೋಪಕರಣಗಳಿಗೆ ಹಚ್ಚುವ ಫ್ರೆಂಚ್ ಪಾಲಿಷ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಇದನ್ನು ಇಂದಿಗೂ 'ಎರಡು ಪೌಂಡಿನ ಪಾಲಿಷ್', 'ಮೂರು ಪೌಂಡಿನ ಪಾಲಿಷ್' ಎಂದು ಕರೆಯುವ ರೂಢಿಯಿದೆ. ಒಂದು ಅಮೆರಿಕನ್ ಗ್ಯಾಲನ್ ಸ್ಪಿರಿಟ್‌ಗೆ ಎರಡು ಪೌಂಡ್ ಅರಗು ಹಾಕಿದರೆ, ಅಂದರೆ ಲೀಟರಿಗೆ ಸುಮಾರು 240 ಗ್ರಾಂ, ಅದು ಎರಡು ಪೌಂಡಿನದು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೂ ಅರಗು ಇತ್ತು. 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಎಂಬುದು ಅದರ ಮೊದಲ ಹೆಸರು. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಿಸಿ ಹೆಸರಾದ ಸಂಸ್ಥೆ ಇದೇ.

ಪಾಲಿಷನ್ನು ತಾನೇ ಕರಗಿಸಿಕೊಳ್ಳುವ ಬಡಗಿಗೆ ಅದರಲ್ಲಿ ಎಷ್ಟು ಅರಗಿದೆ ಎಂಬುದು ಗೊತ್ತು. ಮುಚ್ಚಿದ ಡಬ್ಬಿಯನ್ನು ಕೊಳ್ಳುವವನಿಗೆ ಅದು ಗೊತ್ತಾಗುವುದು ಹೇಗೆ?

ತೂಗು, ಒಣಗಿಸು, ಮತ್ತೆ ತೂಗು

ಉತ್ತರ ಸರಳ. ಸ್ವಲ್ಪ ಬಣ್ಣವನ್ನು ತೂಗಬೇಕು, ಪೂರ್ತಿ ಒಣಗಿಸಬೇಕು, ಉಳಿದದ್ದನ್ನು ತೂಗಬೇಕು. ಆದರೆ 'ಸ್ವಲ್ಪ' ಎಂದರೆ ಎಷ್ಟು, 'ಪೂರ್ತಿ' ಎಂದರೆ ಏನು ಎಂಬಲ್ಲಿ ತಕರಾರು ಹುಟ್ಟುತ್ತದೆ. ಒಬ್ಬರು ಬಿಸಿಲಿನಲ್ಲಿ ಒಣಗಿಸಿ, ಇನ್ನೊಬ್ಬರು ಒಲೆಯಲ್ಲಿ ಒಣಗಿಸಿದರೆ ಇಬ್ಬರ ಉತ್ತರವೂ ಬೇರೆ. ಅದಕ್ಕೆಂದೇ ಎಲ್ಲರೂ ಒಪ್ಪಿದ ಪ್ರಮಾಣಿತ ವಿಧಾನಗಳಿವೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 3251, ಅಮೆರಿಕದಲ್ಲಿ ಎಎಸ್‌ಟಿಎಂ ಡಿ 2369 ಈ ಬಗೆಯವು. ಭಾರತದಲ್ಲಿ ಬಣ್ಣಗಳ ಪರೀಕ್ಷೆಗೆ ಐಎಸ್ 101 ಎಂಬ ಮಾನಕಗಳ ಸರಣಿ ಇದೆ.

ಅಮೆರಿಕದ ವಿಧಾನವನ್ನೇ ನೋಡಿ. ಅಲ್ಯೂಮಿನಿಯಂ ಹಾಳೆಯ ಪುಟ್ಟ ತಟ್ಟೆಯೊಂದನ್ನು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗುತ್ತಾರೆ. ಅದಕ್ಕೆ ಬಣ್ಣವನ್ನು ಹರಡಲು ಬೇಕಾದಷ್ಟು ದ್ರಾವಕ ಹಾಕಿ, ಸಿರಿಂಜಿನಿಂದ ಸುಮಾರು ಅರ್ಧ ಗ್ರಾಂ ಬಣ್ಣವನ್ನು ಹನಿಸುತ್ತಾರೆ. ಬಣ್ಣವನ್ನು ತೆರೆದ ಲೋಟದಲ್ಲಿಟ್ಟು ತೂಗಿದರೆ ತೂಗುತ್ತಿರುವಾಗಲೇ ದ್ರಾವಕ ಹಾರತೊಡಗುತ್ತದೆ. ಆದ್ದರಿಂದ ಹನಿಸುವ ಮೊದಲು ಮತ್ತು ಆಮೇಲೆ ಸಿರಿಂಜನ್ನೇ ತೂಗಿ, ವ್ಯತ್ಯಾಸದಿಂದ ಬಣ್ಣದ ತೂಕ ಪಡೆಯುತ್ತಾರೆ. ಬಳಿಕ ತಟ್ಟೆಯನ್ನು 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಒಂದು ಗಂಟೆ ಇಟ್ಟು, ತಣಿಸಿ, ತೂಗುತ್ತಾರೆ. ಹಾಕಿದ ಬಣ್ಣ 0.500 ಗ್ರಾಂ, ಉಳಿದದ್ದು 0.350 ಗ್ರಾಂ ಎಂದಿಟ್ಟುಕೊಳ್ಳಿ. ಆಗ ತೂಕದ ಲೆಕ್ಕದಲ್ಲಿ ಘನಾಂಶ ಶೇ. 70.

ಅರ್ಧ ಗ್ರಾಮೇ ಏಕೆ? ದಪ್ಪನಾಗಿ ಸುರಿದರೆ ಮೇಲ್ಭಾಗ ಒಣಗಿ ಕೆನೆಗಟ್ಟಿ, ಕೆಳಗಿನ ದ್ರಾವಕ ಸಿಕ್ಕಿಹಾಕಿಕೊಳ್ಳುತ್ತದೆ. ಹಾಲಿನ ಕೆನೆಯ ಕೆಳಗೆ ಹಾಲು ಬಿಸಿಯಾಗಿಯೇ ಉಳಿಯುವುದಿಲ್ಲವೇ, ಹಾಗೆ. ತೆಳ್ಳಗೆ ಹರಡಿದಾಗ ಮಾತ್ರ ಎಲ್ಲಕ್ಕೂ ಹೊರಗೆ ದಾರಿ ಸಿಗುತ್ತದೆ.

ತೂಕ ಹೇಳುವ ಅರ್ಧಸತ್ಯ

ಶೇ. 70 ಎಂದು ಕೇಳಿದೊಡನೆ ಗ್ರಾಹಕನಿಗೆ ಸಮಾಧಾನವಾಗುತ್ತದೆ. ಆದರೆ ಬಣ್ಣವನ್ನು ನಾವು ಕೊಳ್ಳುವುದು ಲೀಟರಿನಲ್ಲಿ. ಗೋಡೆಗೆ ಬೇಕಾದದ್ದು ತೂಕವಲ್ಲ, ದಪ್ಪ. ಅಂದರೆ ಬೇಕಾದದ್ದು ಗಾತ್ರದ ಲೆಕ್ಕ.

ಮೇಲಿನ ಬಣ್ಣದ ಒಂದು ಲೀಟರ್ 1,400 ಗ್ರಾಂ ತೂಗುತ್ತದೆ ಎನ್ನೋಣ. ಅದರಲ್ಲಿ ಶೇ. 70, ಅಂದರೆ 980 ಗ್ರಾಂ ಘನಾಂಶ. ಮಿಕ್ಕ 420 ಗ್ರಾಂ ದ್ರಾವಕ. ದ್ರಾವಕ ಹಗುರ. ಅದರ ಸಾಂದ್ರತೆ ಮಿಲಿಲೀಟರಿಗೆ 0.8 ಗ್ರಾಂ ಆದರೆ 420 ಗ್ರಾಂ ದ್ರಾವಕಕ್ಕೆ 525 ಮಿಲಿಲೀಟರ್ ಜಾಗ ಬೇಕು. ಹಾಗಾದರೆ ಆ ಲೀಟರಿನಲ್ಲಿ ಘನಾಂಶಕ್ಕೆ ಉಳಿದ ಜಾಗ 475 ಮಿಲಿಲೀಟರ್ ಮಾತ್ರ. ತೂಕದಲ್ಲಿ ಶೇ. 70, ಗಾತ್ರದಲ್ಲಿ ಶೇ. 47.5! ಎರಡೂ ನಿಜವೇ. ಆದರೆ ಗೋಡೆಗೆ ಸಂಬಂಧಪಟ್ಟದ್ದು ಎರಡನೆಯದು.

ವರ್ಣದ್ರವ್ಯ ಭಾರವಾದಷ್ಟೂ ಈ ಅಂತರ ಹೆಚ್ಚು. ಉಕ್ಕಿಗೆ ತುಕ್ಕು ಹಿಡಿಯದಂತೆ ಬಳಿಯುವ ಸತುವಿನ ಪ್ರೈಮರಿನಲ್ಲಿ ಲೋಹದ ಪುಡಿಯೇ ಬಹುಪಾಲು. ಸತುವಿನ ಸಾಂದ್ರತೆ ನೀರಿನ ಏಳು ಪಟ್ಟಿಗಿಂತಲೂ ಹೆಚ್ಚು. ಅಂಥ ಬಣ್ಣದ ಲೀಟರ್ 2,500 ಗ್ರಾಂ ತೂಗಿ, ತೂಕದಲ್ಲಿ ಶೇ. 85 ಘನಾಂಶ ಇದ್ದರೂ ಗಾತ್ರದಲ್ಲಿ ಅದು ಶೇ. 60ನ್ನು ಮುಟ್ಟದಿರಬಹುದು.

ಹಾಗಿದ್ದರೆ ಮೇಲೆ ಮಾಡಿದಂತೆ ಕಳೆಯುವ ಲೆಕ್ಕವನ್ನೇ ಮಾಡಿಬಿಡಬಹುದಲ್ಲ? ಮಾಡಬಹುದು, ಆದರೆ ಅದಕ್ಕೆ ದ್ರಾವಕದ ಸಾಂದ್ರತೆ ನಿಖರವಾಗಿ ತಿಳಿದಿರಬೇಕು. ಒಂದೇ ಬಣ್ಣದಲ್ಲಿ ಹಲವು ದ್ರಾವಕಗಳ ಮಿಶ್ರಣ ಇರುತ್ತದೆ, ಅದರ ಪಾಕ ತಯಾರಕನ ಗುಟ್ಟು. ಅಲ್ಲದೆ ರಾಳವು ಒಣಗಿ ಗಟ್ಟಿಯಾಗುವಾಗ ಕುಗ್ಗುವುದೂ ಉಂಟು. ಆದ್ದರಿಂದ ಒಣಗಿದ ಪದರದ ಗಾತ್ರವನ್ನು ನೇರವಾಗಿ ಅಳೆಯುವುದೇ ಒಳ್ಳೆಯದು. ಕಾಗದಕ್ಕಿಂತ ತೆಳ್ಳಗಿನ ಪದರದ ಗಾತ್ರ ಅಳೆಯುವುದಾದರೂ ಹೇಗೆ?

ಆರ್ಕಿಮಿಡಿಸ್ ಬಂದ

ಇಲ್ಲಿ ಸಹಾಯಕ್ಕೆ ಬರುವವನು ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಿನ ಆರ್ಕಿಮಿಡಿಸ್. ದ್ರವದಲ್ಲಿ ಮುಳುಗಿದ ವಸ್ತು ತಾನು ಸ್ಥಳಾಂತರಿಸಿದ ದ್ರವದ ತೂಕದಷ್ಟು ತೂಕವನ್ನು ಕಳೆದುಕೊಂಡಂತೆ ತೋರುತ್ತದೆ ಎಂಬ ಅವನ ತತ್ತ್ವವನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡಿರುತ್ತಾರೆ. ಅದೇ ತತ್ತ್ವ ಬಣ್ಣದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ದಿನಗೂಲಿ ಮಾಡುತ್ತಿದೆ. ಎಎಸ್‌ಟಿಎಂ ಡಿ 2697 ಎಂಬ ವಿಧಾನದ ಹೂರಣ ಇದೇ.

ಸುಮಾರು 60 ಮಿಲಿಮೀಟರ್ ವ್ಯಾಸದ ತೆಳು ಉಕ್ಕಿನ ಬಿಲ್ಲೆಯೊಂದನ್ನು ಸಣ್ಣ ತಂತಿಯಿಂದ ತೂಗುಹಾಕಿ, ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ಮುಳುಗಿಸಿ ತೂಗುತ್ತಾರೆ. ಗಾಳಿಯಲ್ಲಿ 15.540 ಗ್ರಾಂ, ನೀರಿನಲ್ಲಿ 13.560 ಗ್ರಾಂ ಬಂತೆನ್ನಿ. ನಷ್ಟ 1.980 ಗ್ರಾಂ. ಒಂದು ಗ್ರಾಂ ನೀರಿನ ಗಾತ್ರ ಒಂದು ಮಿಲಿಲೀಟರ್ ಎಂದು ಹಿಡಿದರೆ ಬಿಲ್ಲೆಯ ಗಾತ್ರ 1.980 ಮಿಲಿಲೀಟರ್.

ಈಗ ಬಿಲ್ಲೆಯನ್ನು ಬಣ್ಣದಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಾಗೆಯೇ ಎರಡು ಬಾರಿ ತೂಗಬೇಕು. ಗಾಳಿಯಲ್ಲಿ 16.118, ನೀರಿನಲ್ಲಿ 13.858 ಗ್ರಾಂ ಬಂತು. ಈ ಸಲ ನಷ್ಟ 2.260. ಎರಡು ನಷ್ಟಗಳ ವ್ಯತ್ಯಾಸವಾದ 0.280 ಮಿಲಿಲೀಟರೇ ಬಣ್ಣದ ಪದರದ ಗಾತ್ರ! ಪದರದ ತೂಕ 16.118ರಲ್ಲಿ 15.540 ಕಳೆದರೆ 0.578 ಗ್ರಾಂ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಒಣಪದರದ ಸಾಂದ್ರತೆ ಮಿಲಿಲೀಟರಿಗೆ 2.064 ಗ್ರಾಂ. ಒಂದು ಲೀಟರ್ ಬಣ್ಣದಲ್ಲಿ 980 ಗ್ರಾಂ ಘನಾಂಶವಿದೆ ಎಂದು ಮೊದಲೇ ಗೊತ್ತು. 980ನ್ನು 2.064ರಿಂದ ಭಾಗಿಸಿ: 475 ಮಿಲಿಲೀಟರ್. ಗಾತ್ರದಲ್ಲಿ ಶೇ. 47.5. ದ್ರಾವಕ ಯಾವುದೆಂದು ಕೇಳಬೇಕಾಗಿಯೇ ಬರಲಿಲ್ಲ ಎಂಬುದನ್ನು ಗಮನಿಸಿ.

ನೀರು ತಗುಲಿದರೆ ಮೆತ್ತಗಾಗುವ ಪದರಗಳಿಗೆ ಬೇರೆ ತಕ್ಕ ದ್ರವವನ್ನು ಬಳಸುತ್ತಾರೆ. ಹೀಲಿಯಂ ಅನಿಲವನ್ನು ಬಳಸಿ ಗಾತ್ರ ಅಳೆಯುವ ಯಂತ್ರಗಳೂ ಬಂದಿವೆ. ತತ್ತ್ವ ಒಂದೇ: ವಸ್ತು ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಸುತ್ತಲಿನ ದ್ರವ ಅಥವಾ ಅನಿಲದಿಂದ ತಿಳಿಯುವುದು.

ಕೂದಲೆಳೆಯ ದಪ್ಪದ ರಕ್ಷಣೆ

ಇಷ್ಟೆಲ್ಲ ಕಷ್ಟಪಟ್ಟು ಪಡೆದ ಈ ಸಂಖ್ಯೆಯಿಂದ ಪ್ರಯೋಜನವೇನು?

ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ನೆಲದ ಮೇಲೆ ಸಮನಾಗಿ ಹರಡಿದರೆ ಅದರ ದಪ್ಪ ಒಂದು ಮಿಲಿಮೀಟರ್, ಅಂದರೆ 1,000 ಮೈಕ್ರಾನ್. ನಮ್ಮ ಬಣ್ಣವಾದರೆ ಒಣಗಿದ ಮೇಲೆ 475 ಮೈಕ್ರಾನ್ ಉಳಿಯುತ್ತದೆ. ನಮಗೆ ಬೇಕಾದದ್ದು 50 ಮೈಕ್ರಾನ್ ದಪ್ಪವಾದರೆ ಒಂದು ಲೀಟರ್ 9.5 ಚದರ ಮೀಟರಿಗೆ, ಅಂದರೆ ಸುಮಾರು 102 ಚದರ ಅಡಿಗೆ ಸಾಕು. ಕುಂಚದಲ್ಲಿ, ನೆಲದ ಮೇಲೆ, ಗೋಡೆಯ ತರಿಗಳಲ್ಲಿ ಹೋಗುವ ನಷ್ಟವನ್ನು ಇದರಲ್ಲಿ ಕಳೆಯಬೇಕು. ಕೆಲಸಗಾರ ಹಸಿಯಾಗಿ ಎಷ್ಟು ದಪ್ಪ ಬಳಿಯಬೇಕು? 50ನ್ನು 0.475ರಿಂದ ಭಾಗಿಸಿ: ಸುಮಾರು 105 ಮೈಕ್ರಾನ್. ದೊಡ್ಡ ಕಾಮಗಾರಿಗಳಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವ ಪುಟ್ಟ ಲೋಹದ ಗೇಜನ್ನು ಹಸಿ ಬಣ್ಣಕ್ಕೆ ಒತ್ತಿ ಈ ದಪ್ಪವನ್ನು ಅಲ್ಲಲ್ಲೇ ನೋಡುತ್ತಾರೆ.

ಇನ್ನು ತಿನ್ನರಿನ ವಿಷಯ. ಬಣ್ಣ ಗಟ್ಟಿಯಾಯಿತೆಂದು ಒಂದು ಲೀಟರಿಗೆ ಕಾಲು ಲೀಟರ್ ತಿನ್ನರ್ ಬೆರೆಸಿದರೆ ಡಬ್ಬಿಯಲ್ಲಿ ಬಣ್ಣ ಹೆಚ್ಚಾದಂತೆ ಕಾಣುತ್ತದೆ. ಹೆಚ್ಚಾದದ್ದು ಹಾರಿಹೋಗುವ ಪಾಲು ಮಾತ್ರ. ಘನಾಂಶ ಅದೇ 475 ಮಿಲಿಲೀಟರ್, ಆದರೆ 1,250 ಮಿಲಿಲೀಟರಿನಲ್ಲಿ. ಶೇ. 47.5 ಇದ್ದದ್ದು ಶೇ. 38ಕ್ಕೆ ಇಳಿಯಿತು. ಕೆಲಸಗಾರ ಎಂದಿನಂತೆ 105 ಮೈಕ್ರಾನ್ ಬಳಿದರೆ ಒಣಗಿದ ಮೇಲೆ ಉಳಿಯುವುದು 40 ಮೈಕ್ರಾನ್. ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಮಳೆಗಾಲಕ್ಕೆ ಕಾಣುತ್ತದೆ. ಕಿಟಕಿಯ ಸರಳು, ಗೇಟುಗಳ ಮೇಲೆ ತುಕ್ಕು ಮೊದಲು ಇಣುಕುವುದು ಬಣ್ಣ ತೆಳ್ಳಗಾದ ಅಂಚು ಮೂಲೆಗಳಲ್ಲಿಯೇ. ಕರಾವಳಿಯ ಉಪ್ಪುಗಾಳಿಯಲ್ಲಂತೂ ಹೇಳುವುದೇ ಬೇಡ.

ದಪ್ಪದ ಮಹತ್ವಕ್ಕೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಒಳ್ಳೆಯ ನಿದರ್ಶನ. 1890ರಲ್ಲಿ ತೆರೆದ ಆ ಉಕ್ಕಿನ ಸೇತುವೆಗೆ ಒಂದು ತುದಿಯಿಂದ ಬಣ್ಣ ಬಳಿಯುತ್ತ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿಗೆ ಮತ್ತೆ ಬಣ್ಣ ಬೇಕಾಗುತ್ತದೆ ಎಂಬ ಮಾತಿತ್ತು. ಮುಗಿಯದ ಕೆಲಸಕ್ಕೆ ಅಲ್ಲಿನವರು ಆ ಸೇತುವೆಯ ಹೆಸರನ್ನೇ ಗಾದೆ ಮಾಡಿಕೊಂಡರು. 2002ರಿಂದ 2011ರವರೆಗೆ ಹಳೆಯ ಪದರಗಳನ್ನು ಕೆರೆದು ತೆಗೆದು, ಗಾಜಿನ ಸಣ್ಣ ಚಕ್ಕೆಗಳನ್ನು ಬೆರೆಸಿದ ಇಪಾಕ್ಸಿ ಸೇರಿದಂತೆ ಮೂರು ಲೇಪ ಹಾಕಲಾಯಿತು. ಕನಿಷ್ಠ 20 ವರ್ಷ ಬಾಳುವ ನಿರೀಕ್ಷೆಯ ಲೇಪ ಅದು. ಗಾದೆ ಸುಳ್ಳಾಯಿತು. ಒಂದೇ ಸಾರಿಗೆ ದಪ್ಪನಾದ ಪದರ ಕೊಡಬಲ್ಲ, ಘನಾಂಶ ಹೆಚ್ಚಾಗಿರುವ ಇಂಥ ಲೇಪಗಳು ಬಂದದ್ದರಿಂದಲೇ ಇದು ಸಾಧ್ಯವಾದದ್ದು.

ಹಾರಿಹೋದದ್ದು ಎಲ್ಲಿಗೆ?

ನಮ್ಮ ಲೆಕ್ಕದ ಲೀಟರಿನಲ್ಲಿ ಹಾರಿಹೋದ 420 ಗ್ರಾಂ ದ್ರಾವಕ ಇಲ್ಲವಾಗಲಿಲ್ಲ, ಗಾಳಿಗೆ ಸೇರಿತು. ಹತ್ತು ಲೀಟರಿಗೆ 4.2 ಕಿಲೋಗ್ರಾಂ. ಒಂದು ನಗರದ ಎಲ್ಲ ಮನೆ, ವಾಹನ, ಕಾರ್ಖಾನೆಗಳಿಗೆ ಬಳಿದ ಬಣ್ಣವನ್ನು ಸೇರಿಸಿದರೆ?

ಈ ಪ್ರಶ್ನೆಯನ್ನು ಮೊದಲು ಎದುರಿಸಿದ ನಗರಗಳಲ್ಲೊಂದು ಅಮೆರಿಕದ ಲಾಸ್ ಏಂಜಲೀಸ್. 1940ರ ದಶಕದಿಂದ ಅಲ್ಲಿ ಕಣ್ಣು ಉರಿಸುವ ಕಂದು ಮಬ್ಬು ಕವಿಯತೊಡಗಿತು. ವಾಹನಗಳ ಹೊಗೆ ಮತ್ತು ಪೆಟ್ರೋಲಿಯಂ ಆವಿಗಳು ಬಿಸಿಲಿನಲ್ಲಿ ವರ್ತಿಸಿ ಓಝೋನ್ ಮುಂತಾದವನ್ನು ಉಂಟುಮಾಡುತ್ತವೆ ಎಂದು 1950ರ ದಶಕದ ಮೊದಲಲ್ಲಿ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ಬಣ್ಣದ ದ್ರಾವಕಗಳೂ ಇದೇ ಜಾತಿಯ ಆವಿಗಳು. 1966ರಲ್ಲಿ ಆ ಜಿಲ್ಲೆಯ ಆಡಳಿತ 'ನಿಯಮ 66' ಎಂಬ ಕಟ್ಟಳೆಯಿಂದ ದ್ರಾವಕಗಳ ಬಳಕೆಗೆ ಮಿತಿ ಹಾಕಿತು. ಮುಂದೆ ಬೇರೆ ಕಡೆಗಳಲ್ಲೂ ಇಂಥ ನಿಯಮಗಳು ಬಂದವು. ನೀರಿನ ಬಣ್ಣಗಳು, ಘನಾಂಶ ಹೆಚ್ಚಿರುವ ಬಣ್ಣಗಳು, ದ್ರಾವಕವೇ ಇಲ್ಲದ ಪುಡಿಲೇಪಗಳು ಬೆಳೆಯಲು ಇದು ಒಂದು ದೊಡ್ಡ ಕಾರಣ. ಅಲ್ಮೇರಾ, ಫ್ರಿಜ್ಜುಗಳ ಮೇಲೆ ಕಾಣುವ 'ಪೌಡರ್ ಕೋಟಿಂಗ್'ನಲ್ಲಿ ಘನಾಂಶ ಹೆಚ್ಚುಕಡಿಮೆ ನೂರಕ್ಕೆ ನೂರು.

ಮಿತಿ ಹಾಕಿದ ಮೇಲೆ ಅದನ್ನು ಪರೀಕ್ಷಿಸಲು ಅಳತೆ ಬೇಕಲ್ಲ? ಅದಕ್ಕೂ ಬಂದದ್ದು ಅದೇ ಅಲ್ಯೂಮಿನಿಯಂ ತಟ್ಟೆ, ಅದೇ ಒಲೆ. ಉಳಿದದ್ದನ್ನು ಅಳೆದರೆ ಹೋದದ್ದೂ ತಿಳಿಯುತ್ತದೆ.

ಒಣಗಿದರೆ ತೂಕ ಹೆಚ್ಚುವ ಬಣ್ಣ!

ಎಲ್ಲ ಬಣ್ಣವೂ ಒಣಗಿದಾಗ ಹಗುರವಾಗುತ್ತದೆ ಎಂದುಕೊಂಡರೆ ಅದು ತಪ್ಪು. ಅಗಸೆ ಎಣ್ಣೆಯನ್ನು ತೆಳ್ಳಗೆ ಬಳಿದಿಟ್ಟರೆ ಅದು ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಕ್ಸಿಜನ್ ಹೀರಿಕೊಂಡು ಗಟ್ಟಿಯಾಗುತ್ತದೆ. ಹೀರಿದ ಆಕ್ಸಿಜನ್‌ನಿಂದ ಅದರ ತೂಕ ಹೆಚ್ಚುತ್ತದೆ. ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುವುದರಿಂದ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆ ಹಾಕಿದರೆ ತಾವಾಗಿ ಹೊತ್ತಿಕೊಳ್ಳುವ ಅಪಾಯವಿದೆ.

ನಮ್ಮ ಹಳ್ಳಿಗಳ ಸುಣ್ಣದ್ದೂ ಇಂಥದೇ ಕಥೆ. ಗೋಡೆಗೆ ಬಳಿದ ಸುಣ್ಣದ ತಿಳಿಯಲ್ಲಿನ ನೀರು ಆರಿದ ಮೇಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್‌ನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. 74 ಗ್ರಾಂ ಇದ್ದದ್ದು ಪೂರ್ತಿ ಬದಲಾದರೆ 100 ಗ್ರಾಂ. ಪರೀಕ್ಷೆಯ ಉಷ್ಣತೆ ಮತ್ತು ಸಮಯವನ್ನು ಮಾನಕಗಳು ಏಕೆ ಕಟ್ಟುನಿಟ್ಟಾಗಿ ಗೊತ್ತುಮಾಡುತ್ತವೆ ಎಂಬುದು ಈಗ ಅರ್ಥವಾಗಬಹುದು. 'ಒಣಗುವುದು' ಎಂಬ ಒಂದೇ ಮಾತಿನ ಹಿಂದೆ ಹಲವು ರಾಸಾಯನಿಕ ಕ್ರಿಯೆಗಳಿವೆ.

ನೀವೇ ಮಾಡಿ ನೋಡಿ

ಶಾಲೆಯ ಪ್ರಯೋಗಶಾಲೆಯ ತಕ್ಕಡಿಯಿದ್ದರೆ ಈ ಪ್ರಯೋಗ ಸುಲಭ. ನೀರಿನ ಎಮಲ್ಷನ್ ಬಣ್ಣವನ್ನೇ ಬಳಸಿ. ಎನಾಮೆಲ್, ತಿನ್ನರ್ ಇವುಗಳ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅವುಗಳ ತಂಟೆಗೆ ಹೋಗಬೇಡಿ. ಯಾವ ಬಣ್ಣವನ್ನೂ ಒಲೆಯ ಮೇಲೆ ಇಡಬೇಡಿ.

ಅಲ್ಯೂಮಿನಿಯಂ ಹಾಳೆಯಿಂದ ಅಗಲವಾದ ತಟ್ಟೆ ಮಾಡಿ ತೂಗಿ. ಸೂಜಿಯಿಲ್ಲದ ಸಿರಿಂಜಿನಿಂದ 10 ಮಿಲಿಲೀಟರ್ ಬಣ್ಣವನ್ನು ಗುಳ್ಳೆಯಿಲ್ಲದಂತೆ ಎಳೆದು, ತಟ್ಟೆಗೆ ಹಾಕಿ, ಕೂಡಲೇ ತೂಗಿ. ತಟ್ಟೆಯನ್ನು ಓಲಿಸಿ ತೆಳ್ಳಗೆ ಹರಡಿ. ಎರಡು ಮೂರು ದಿನ ಧೂಳಿಲ್ಲದ ಬಿಸಿಲಿನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಕೊನೆಯ ತೂಕ ಬರೆದುಕೊಳ್ಳಿ.

ಬಣ್ಣ 13.5 ಗ್ರಾಂ ಇದ್ದು, ಒಣಗಿದ ಮೇಲೆ 7.0 ಗ್ರಾಂ ಉಳಿಯಿತೆನ್ನಿ. ಹೋದದ್ದು 6.5 ಗ್ರಾಂ. ಅದು ಬಹುಪಾಲು ನೀರಾದ್ದರಿಂದ 6.5 ಮಿಲಿಲೀಟರ್ ಎಂದು ಹಿಡಿಯಬಹುದು. ಹತ್ತರಲ್ಲಿ ಉಳಿದದ್ದು 3.5. ತೂಕದಲ್ಲಿ ಘನಾಂಶ ಸುಮಾರು ಶೇ. 52, ಗಾತ್ರದಲ್ಲಿ ಶೇ. 35. ಎರಡು ಬೇರೆ ಬಣ್ಣಗಳಿಗೆ ಮಾಡಿ ಹೋಲಿಸಿದರೆ ಒಳ್ಳೆಯ ವಿಜ್ಞಾನ ಪ್ರದರ್ಶನವಾಗುತ್ತದೆ.

ಕೊಳ್ಳುವ ಮುನ್ನ

ಲೀಟರಿಗೆ 300 ರೂಪಾಯಿಯ ಬಣ್ಣದಲ್ಲಿ ಗಾತ್ರದ ಘನಾಂಶ ಶೇ. 30, 400 ರೂಪಾಯಿಯದರಲ್ಲಿ ಶೇ. 50 ಇದ್ದರೆ ಯಾವುದು ಅಗ್ಗ? ಗೋಡೆಯ ಮೇಲೆ ಉಳಿಯುವ ಒಂದು ಲೀಟರ್ ಪದರಕ್ಕೆ ಮೊದಲನೆಯದರಲ್ಲಿ 1,000 ರೂಪಾಯಿ, ಎರಡನೆಯದರಲ್ಲಿ 800 ರೂಪಾಯಿ. ದುಬಾರಿಯಾಗಿ ಕಂಡದ್ದೇ ಅಗ್ಗವಾಯಿತು.

ಆದರೆ ಘನಾಂಶವೊಂದನ್ನೇ ನಂಬಿ ಕೂರುವುದೂ ಸರಿಯಲ್ಲ. ಸೀಮೆಸುಣ್ಣದ ಪುಡಿ ತುಂಬಿಯೂ ಈ ಸಂಖ್ಯೆಯನ್ನು ಏರಿಸಬಹುದು. ಪುಡಿ ಹೆಚ್ಚಾಗಿ ಬಂಧಕ ಕಡಿಮೆಯಾದರೆ ಪದರ ದಪ್ಪನಾಗಿದ್ದರೂ ಕೈಗೆ ಹತ್ತುತ್ತದೆ, ಒರೆಸಿದರೆ ಕಿತ್ತುಬರುತ್ತದೆ. ಘನಾಂಶ ಹೇಳುವುದು ಎಷ್ಟು ಉಳಿಯುತ್ತದೆ ಎಂಬುದನ್ನು. ಉಳಿದದ್ದು ಎಂಥದು ಎಂಬುದಕ್ಕೆ ಬೇರೆ ಪರೀಕ್ಷೆಗಳಿವೆ.

ತಯಾರಕರು ತಮ್ಮ ಲೇಪಗಳಿಗೆ ಮಾಹಿತಿಪತ್ರ ಹೊರತರುತ್ತಾರೆ. ಕೈಗಾರಿಕಾ ಲೇಪಗಳ ಪತ್ರದಲ್ಲಿ ಗಾತ್ರದ ಘನಾಂಶವನ್ನು ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಮುಂದಿನ ಸಲ ಬಣ್ಣದಂಗಡಿಗೆ ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಣ್ಣ ಆರಿಸುವ ಕೆಲಸ ದೊಡ್ಡವರು ಮಾಡಲಿ. ಘನಾಂಶ ಎಷ್ಟು, ತೂಕದಲ್ಲೋ ಗಾತ್ರದಲ್ಲೋ ಎಂದು ಮಕ್ಕಳು ಕೇಳಲಿ. ತಿನ್ನರ್ ಎಷ್ಟು ಬೆರೆಸಬೇಕೆಂದು ಡಬ್ಬಿಯ ಮೇಲೆ ಬರೆದಿರುವುದನ್ನೂ ಅವರೇ ಓದಿ ಹೇಳಲಿ.